ಅರ್ಧ ಅಚ್ಚು

ನಮ್ಮೂರಿನಲ್ಲಿ ಒಂದೇ ಬೀದಿಗೆ ಎರಡು ಇಗರ್ಜಿ.
ಎದುರುಬದುರು. ಎರಡಕ್ಕೂ ಈರುಳ್ಳಿಯಂಥ ಮೂರು ಗುಮ್ಮಟ,
ಎರಡಕ್ಕೂ ಅಡ್ಡಪಟ್ಟಿ ಓರೆಯಾದ ಶಿಲುಬೆ.
ಹೊಸಬರು ಕೇಳುತ್ತಾರೆ: ಇಷ್ಟು ಸಣ್ಣ ಊರಿಗೆ
ಒಂದು ಸಾಲದೇ?
ಸಾಲುತ್ತಿತ್ತು. ಮೂವತ್ತಾರನೇ ಇಸವಿಯವರೆಗೆ
ಸಾಲಿ ಮಿಗುತ್ತಿತ್ತು.

ಕಾರ್ಪಾಥಿಯನ್ ಬೆಟ್ಟಗಳ ಬೆನ್ನಿನಿಂದ ಇಳಿದು,
ಹಡಗು ಹತ್ತಿ, ಪೆನ್ಸಿಲ್ವೇನಿಯಾದ ಈ ಹೊಳೆದಂಡೆಗೆ ಬಂದು
ಲಾಟೀನಿನ ಗಾಜು ಊದಿದ ಜನ ನಾವು.
ನನ್ನಜ್ಜ ಮೆಟ್ರೊ ಹ್ರಿನ್ಯಾಕ್
(ದ್ಮಿತ್ರೊ ಎಂಬುದು ಸಂಬಳದ ಪಟ್ಟಿಯಲ್ಲಿ ಹಾಗಾಯಿತು)
ಕೆನ್ನೆ ಉಬ್ಬಿಸಿ ತೋರಿಸಿದರೆ
ನಮ್ಮ ಎರಡೂ ಅಂಗೈ ಸಾಲುತ್ತಿರಲಿಲ್ಲ ಮುಚ್ಚಲು.
ಅವನ ತಮ್ಮ ಫೆದೋರನ ಕೆನ್ನೆ ನಾನು ಕಂಡಿಲ್ಲ.
ಬೀದಿಯ ಆ ಬದಿಗೆ
ನೋಡಕೂಡದೆಂದು ಅಪ್ಪಣೆಯಿತ್ತು.

ಜಗಳ ಏನೆಂದರೆ, ಪಾದ್ರಿಗೆ ಹೆಂಡತಿ ಇರಬಹುದೇ?
ಕಟ್ಟಡದ ಪತ್ರ ಬಿಷಪ್ಪರ ಹೆಸರಿಗೋ
ಇಟ್ಟಿಗೆ ಹೊತ್ತವರ ಹೆಸರಿಗೋ?
ಕೋರ್ಟು ಎರಡು ವರ್ಷ ನಡೆಯಿತು.
ತೀರ್ಪಿನ ಬೆಳಿಗ್ಗೆ ಬಾಗಿಲಿಗೆ ಯಾರೋ
ಮೊಳೆ ಹೊಡೆದಿದ್ದರು, ಒಳಗಿನಿಂದ.
ಅದೇ ಮಾರ್ಚಿಯಲ್ಲಿ ಹೊಳೆ ಉಕ್ಕಿ
ಪೀಠದ ಮೂರನೇ ಮೆಟ್ಟಿಲಿಗೆ ಬಂತು.
ದೇವರು ಅಳುತ್ತಿದ್ದಾನೆ ಎಂದರು ಅವರು.
ತೊಳೆಯುತ್ತಿದ್ದಾನೆ ಎಂದರು ನಮ್ಮವರು.

ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು:
ಪಾತ್ರೆ ಪಡಗ ಹಂಚಿಕೊಂಡರು, ಕೋಳಿ ಎಣಿಸಿಕೊಂಡರು.
ಕೊನೆಗೆ ಉಳಿದದ್ದು, ತಾಯಿ ಮಾಕ್ರಿನಾ
ಊರಿಂದ ತಲೆವಸ್ತ್ರದಲ್ಲಿ ಸುತ್ತಿ ತಂದ
ಬೆಣ್ಣೆಯ ಅಚ್ಚು. ಮರಸೇಬಿನ ಮರದ್ದು.
ಎರಡು ಹೋಳು. ನಡುವೆ ಬೆಣ್ಣೆ ತುಂಬಿ, ದಾರ ಬಿಗಿದು
ರಾತ್ರಿ ಚಳಿಗಿಟ್ಟರೆ
ಈಸ್ಟರಿನ ಬುಟ್ಟಿಗೆ ನಿಂತ ಕುರಿಮರಿ.
ಆಳಿಗೊಂದು ಹೋಳು ತೆಗೆದುಕೊಂಡು ಹೋದರು.

ಹೀಗಾಗಿ ನಮ್ಮ ಮನೆಯ ಕುರಿಮರಿ
ಮಗ್ಗುಲಾಗಿ ಮಲಗಿಯೇ ಇರುತ್ತಿತ್ತು,
ರೊಟ್ಟಿಯ ಪಕ್ಕ, ಬೀಟ್‌ರೂಟಿನ ಪಕ್ಕ,
ಒಂದೇ ಲವಂಗದ ಕಣ್ಣು ಬಿಟ್ಟುಕೊಂಡು.
ಮಿಕ್ಕವರ ಬುಟ್ಟಿಯಲ್ಲೆಲ್ಲ ನಿಂತಿವೆ, ನಮ್ಮದೇಕೆ ಹೀಗೆ?
ಪರಾಸ್ಕಾ ಅಜ್ಜಿ ಕಸೂತಿ ಬಟ್ಟೆ ಸರಿಮಾಡುತ್ತ,
"ಸುಸ್ತಾಗಿದೆ ಮಗಾ, ಬಹಳ ದೂರದಿಂದ ಬಂದಿದೆ."

ಈ ವರ್ಷ ನಮ್ಮ ಇಗರ್ಜಿಯ ಬಾಯ್ಲರು ಸತ್ತಿತು.
ಶುಕ್ರವಾರದ ಪಿರೋಹಿಗೆಂದು
ಎರಡು ಮೂಟೆ ಆಲೂಗಡ್ಡೆ ಸುಲಿದಾಗಿತ್ತು.
ಎದುರಿನವರು ಅಡುಗೆಮನೆ ಕೊಡುತ್ತೇವೆಂದರು.
ಆಲೂಗಡ್ಡೆಗೆ ಪಂಥ ಯಾವುದು? ಹೊತ್ತು ನಡೆದೆವು.
ಹನ್ನೊಂದು ಮುದುಕಿಯರು, ಬೀದಿ ದಾಟಲು
ಎಂಬತ್ತೊಂಬತ್ತು ವರ್ಷ.

ಅಲ್ಲಿ, ಸೌಟುಗಳ ಸಾಲಿನಲ್ಲಿ, ಮೊಳೆಗೆ ನೇತುಬಿದ್ದಿತ್ತು
ಎಡಕ್ಕೆ ಮುಖಮಾಡಿದ ಕುರಿ.
ಹಿಟ್ಟಿನ ಕೈ ಹಾಗೇ ನಿಂತಿತು ನನ್ನದು.
ಯುಸ್ತಿನಾ, ಫೆದೋರನ ಮೊಮ್ಮಗಳು,
ಲೆಕ್ಕದಲ್ಲಿ ನನಗೆ ತಂಗಿ,
"ನಮ್ಮದು ಯಾವಾಗಲೂ ಮಲಗಿರತ್ತೆ" ಎಂದಳು.
"ನಮ್ಮದೂ."
"ಯಾಕೆ ಅಂದರೆ, ಮುನಿಸಿಕೊಂಡಿದೆ ಅನ್ನುತ್ತಿದ್ದಳು ನಮ್ಮಜ್ಜಿ."

ಮರುದಿನ ನನ್ನ ಹೋಳು ಒಯ್ದೆ. ಕೂಡಲಿಲ್ಲ.
ಒಲೆಯ ಮೇಲಿನ ಗೂಡಿನಲ್ಲಿ ನಮ್ಮದು ಒಣಗಿ ಸೊಟ್ಟಗಾಗಿತ್ತು,
ನೆಲಮಾಳಿಗೆಯ ತೇವಕ್ಕೆ ಅವರದು ಊದಿತ್ತು.
ಆದರೂ ದಾರ ಬಿಗಿದೆವು; ಬೆಣ್ಣೆ ಬಿರುಕಿನಿಂದ ಉಕ್ಕಿತು.
ಬಿಡಿಸಿದಾಗ ನಿಂತಿತು, ಅದೇ ಪವಾಡ:
ಬೆನ್ನುದ್ದಕ್ಕೂ ಏಣು, ಒಂದು ಕಿವಿ ಮೇಲೆ,
ಎರಡು ಕಣ್ಣು ಎರಡು ದಿಕ್ಕಿಗೆ.
ಹೆಬ್ಬೆರಳಿನಿಂದ ಏಣು ಸವರಹೋದಳು ಅವಳು.
ಇರಲಿ ಬಿಡು ಎಂದೆ.

ಅಚ್ಚು ಇನ್ನು ಯಾರ ಮನೆಯಲ್ಲಿ ಎಂಬ ಮಾತು ಬಂದಾಗ
ಇಬ್ಬರೂ ಪಾತ್ರೆ ತೊಳೆಯತೊಡಗಿದೆವು.

ನಮ್ಮ ಹಬ್ಬ ಈ ಭಾನುವಾರ.
ಅವರ ಪಂಚಾಂಗದಲ್ಲಿ ಇನ್ನೂ ನಾಲ್ಕು ವಾರ ಉಪವಾಸ.
ಕೊಯ್ದು ಹಂಚಲು ಯಾರಿಗೂ ಮನಸ್ಸಿಲ್ಲ.
ಅವಳ ಫ್ರೀಜರಿನಲ್ಲಿ, ಬಟಾಣಿ ಪೊಟ್ಟಣಕ್ಕೆ ಒರಗಿಕೊಂಡು
ಸದ್ಯಕ್ಕೆ
ನಿಂತಿದೆ.